50 ಗ್ರಾಂ ಮೈಲುತುತ್ತದಲ್ಲಿ ತಾಮ್ರದ ಅಯಾನು ಎಷ್ಟು?

ನಿಮ್ಮ ಲೆಕ್ಕದಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್, CuSO₄·5H₂O) ಹರಳಿನೊಳಗಿನ ನೀರು ಬಿಟ್ಟುಹೋಗಿರಬೇಕು. ತಾಮ್ರದ ಅಯಾನು 1.89 × 10²³ ಬಂತು, ಪುಸ್ತಕದಲ್ಲಿ 1.2 × 10²³ ಇದೆ ಅಂದಿದ್ದೀರಿ. 50ನ್ನು ನೀರು ಬಿಟ್ಟ ಒಂದು ಮೋಲ್‌ನ ತೂಕ 159.5ರಿಂದ ಭಾಗಿಸಿ ಮುಂದುವರಿದರೆ ಬರುವುದು ನಿಮ್ಮ ಉತ್ತರವೇ. ಆದರೆ ಅದು ನೀರಿಲ್ಲದ ಬಿಳಿ ಪುಡಿಯ ಲೆಕ್ಕ. ಮೂಡಿಗೆರೆ ಕಡೆ ಕಾಳುಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ರೋಗನಾಶಕ ದ್ರಾವಣ) ಹೊಡೆಯೋಕೆ ತರುತ್ತಾರಲ್ವಾ, ಆ ನೀಲಿ ಹರಳಿನಲ್ಲಿ ನೀರೂ ಸೇರಿರುತ್ತದೆ.

ಮೊದಲು ಒಂದು ಮೋಲ್‌ನ ತೂಕ ಕೂಡಿಸಿ. ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕ 64. ಇಲ್ಲಿಗೆ ನಿಲ್ಲಿಸಬೇಡಿ. ಐದು ನೀರಿನ ಅಣುಗಳಿಗೆ ತಲಾ 18ರಂತೆ ಇನ್ನೂ 90 ಸೇರಿಸಿ. ಒಟ್ಟು 249.5 ಗ್ರಾಂ.

ಆಮೇಲೆ 50 ÷ 249.5. ಸುಮಾರು 0.2 ಮೋಲ್ ಆಯಿತು. ಅದನ್ನು ಅವೊಗಾಡ್ರೊ ಸಂಖ್ಯೆ (ಒಂದು ಮೋಲ್‌ನಲ್ಲಿರುವ ಕಣಗಳ ಸಂಖ್ಯೆ) 6.022 × 10²³ರಿಂದ ಗುಣಿಸಿದರೆ 1.2 × 10²³. ಸೂತ್ರದಲ್ಲಿ ತಾಮ್ರ ಒಂದೇ ಇರುವುದರಿಂದ ಅದೇ ಅಯಾನುಗಳ ಸಂಖ್ಯೆ.

ಇದೇ ಪ್ರಶ್ನೆಯಲ್ಲಿ ಆಮ್ಲಜನಕದ ಪರಮಾಣು ಕೇಳಿದರೆ ಸುಮ್ನೆ 4ರಿಂದ ಗುಣಿಸಿಬಿಡಬೇಡಿ. ನೀರಿನಲ್ಲಿರುವ ಐದೂ ಸೇರಿ 9. ಉತ್ತರ ಸುಮಾರು 1.1 × 10²⁴. ಜಾಸ್ತಿ ಜನ ಎಡವುವುದು ಇಲ್ಲೇ.

ಪ್ರಶ್ನೆಯನ್ನು ನೀವು ಪೂರ್ತಿ ಹಾಕಿಲ್ಲ, ಹಾಗಾಗಿ ಒಮ್ಮೆ ನೋಡಿಕೊಳ್ಳಿ. ‘ನಿರ್ಜಲ’ (ನೀರಿಲ್ಲದ್ದು) ಅಂತ ಇದ್ದರೆ ನಿಮ್ಮ 159.5 ಸರಿ, ತಪ್ಪು ಪುಸ್ತಕದ್ದೇ. ‘ಹರಳು’ ಅಥವಾ ‘ಪೆಂಟಾಹೈಡ್ರೇಟ್’ (ಐದು ನೀರಿನ ಅಣು ಇರುವುದು) ಅಂತ ಇದ್ದರೆ 249.5 ಹಾಕಿ ಮತ್ತೆ ಮಾಡಿ.