ಪಾದ ಮೇಲೇಳದಿದ್ದರೂ ಅದು ವ್ಯಾಯಾಮವೇ

ಮಳೆ ಶುರುವಾದಾಗಿನಿಂದ ಬರುತ್ತಿರುವ ಪತ್ರಗಳಲ್ಲಿ ಮಿನಿ ಟ್ರ್ಯಾಂಪೊಲಿನ್ (ಚೌಕಟ್ಟಿಗೆ ಬಿಗಿದ ಚಿಮ್ಮುವ ಬಟ್ಟೆಯ ಮೇಲೆ ನಿಂತು ಹಾರುವ ಪುಟ್ಟ ಸಾಧನ) ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಅದಕ್ಕಷ್ಟೇ ಉತ್ತರ.

ಪ್ರಶ್ನೆ: ಮೇಡಂ, ನನಗೆ 58 ವರ್ಷ. ದಿನಾ ಬೆಳಿಗ್ಗೆ ಕೃಷ್ಣರಾವ್ ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದೆ. ಹೋದ ತಿಂಗಳು ಫುಟ್‌ಪಾತಿನ ಕಲ್ಲು ಅಲುಗಾಡಿ ಬೀಳುವ ಹಾಗಾಯ್ತು. ಪಕ್ಕದಲ್ಲಿ ಕಾಂಪೌಂಡ್ ಇತ್ತು, ಹಿಡಿದುಕೊಂಡೆ. ಆಮೇಲೆ ಮಳೆಯೂ ಶುರುವಾಯ್ತು, ಆಚೆ ಹೋಗಲು ಧೈರ್ಯವೇ ಬರುತ್ತಿಲ್ಲ. ಮಗಳು ಮಿನಿ ಟ್ರ್ಯಾಂಪೊಲಿನ್ ತಂದುಕೊಟ್ಟಿದ್ದಾಳೆ. ನಮ್ಮ ಮನೆಯವರು ಮಾತ್ರ ಈ ವಯಸ್ಸಲ್ಲಿ ಕುಣಿಯೋದು ಬೇಡ ಅಂತಾರೆ. ಬಿಪಿಗೆ ಮಾತ್ರೆ ತಗೊಳ್ಳುತ್ತೇನೆ, ಕಂಟ್ರೋಲ್‌ನಲ್ಲಿದೆ. ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದೆ. ಮಾಡಬಹುದಾ?
— ಓದುಗರು, ಬಸವನಗುಡಿ

ಉತ್ತರ: ಮಾಡಬಹುದು ಅಮ್ಮಾ. ನಿಮ್ಮ ಮನೆಯವರಿಗೂ ಸಮಾಧಾನ ಆಗುವ ಹಾಗೆ ಹೇಳುತ್ತೇನೆ: ನೀವು ಕುಣಿಯಬೇಕಾಗಿಯೇ ಇಲ್ಲ.

ಮಿನಿ ಟ್ರ್ಯಾಂಪೊಲಿನ್ ಅಂದ ತಕ್ಷಣ ಎಲ್ಲರ ಕಣ್ಣಿಗೂ ಮಾಲ್‌ನಲ್ಲಿ ಮಕ್ಕಳು ಎಗರುವುದೇ ಬರುತ್ತದೆ. ನಿಮಗೆ ಬೇಕಾಗಿರುವುದು ಅದಲ್ಲ. ಪಾದ ಎರಡೂ ಬಟ್ಟೆಗೆ ಅಂಟಿಕೊಂಡೇ ಇರಲಿ. ಮಂಡಿ ಒಂಚೂರು ಸಡಿಲ ಬಿಟ್ಟು, ಹಿಮ್ಮಡಿಯಿಂದ ಮೆಲ್ಲಗೆ ಕೆಳಗೆ ಒತ್ತಿ, ಬಿಡಿ. ಮೈ ತಾನಾಗಿ ಮೇಲೆ ಬರುತ್ತದೆ. ಮತ್ತೆ ಒತ್ತಿ, ಬಿಡಿ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮಲಗಿಸುವಾಗ ನಿಂತಲ್ಲೇ ಮೈ ತೂಗುತ್ತೇವಲ್ಲ, ಹೆಚ್ಚುಕಮ್ಮಿ ಅದೇ ಲಯ. ಇಷ್ಟಕ್ಕೇ ತೊಡೆ, ಮೀನಖಂಡ, ಸೊಂಟ, ಹೊಟ್ಟೆಯ ಸ್ನಾಯುಗಳೆಲ್ಲ ಕೆಲಸಕ್ಕೆ ಇಳಿಯುತ್ತವೆ.

ಮಂಡಿಯ ವಿಷಯಕ್ಕೆ ಬರುತ್ತೇನೆ. ಗಟ್ಟಿ ನೆಲದ ಮೇಲೆ ಓಡಿದರೆ ಪಾದ ನೆಲಕ್ಕೆ ತಾಗಿದ ಕ್ಷಣದಲ್ಲೇ ಹೊಡೆತ ಬೀಳುತ್ತದೆ. ಇಲ್ಲಿ ಬಟ್ಟೆ ಕೆಳಗೆ ಇಳಿಯುವುದರಿಂದ ಅದೇ ಭಾರ ನಿಧಾನವಾಗಿ ಬೀಳುತ್ತದೆ. 1980ರಲ್ಲಿ ನಾಸಾ ವಿಜ್ಞಾನಿಗಳೂ ಇದ್ದ ಒಂದು ತಂಡ ಎಂಟು ಜನ ಯುವಕರ ಪಾದದ ಗಂಟು, ಬೆನ್ನು, ಹಣೆ, ಮೂರೂ ಕಡೆ ಅಳತೆಯ ಸಾಧನ ಕಟ್ಟಿ ನೋಡಿತ್ತು. ಟ್ರೆಡ್‌ಮಿಲ್ ಮೇಲೆ ಓಡುವಾಗ ಪಾದದ ಗಂಟಿನ ಹತ್ತಿರ ಜೋರು ಅದುರಾಟ, ಮೇಲೆ ಹೋದಂತೆ ಕಮ್ಮಿ. ಟ್ರ್ಯಾಂಪೊಲಿನ್ ಮೇಲೆ ಮೂರೂ ಕಡೆ ಹೆಚ್ಚುಕಮ್ಮಿ ಸಮ. ಅಂದರೆ ಪೆಟ್ಟೆಲ್ಲ ಕಾಲಿನ ಕೀಲಿಗೇ ಬೀಳದೆ ಇಡೀ ಮೈಗೆ ಹಂಚಿಹೋಗುತ್ತದೆ. ಆದರೆ ನಿಮ್ಮ ಮಂಡಿ ಊದಿಕೊಳ್ಳುತ್ತಿದ್ದರೆ, ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತಿದ್ದರೆ, ಮೊದಲು ಡಾಕ್ಟರಿಗೆ ತೋರಿಸಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮಂಡಿಯಲ್ಲ, ಆ ಅಲುಗಾಡಿದ ಕಲ್ಲು. ಕಾಲ ಕೆಳಗೆ ಏನಾದರೂ ಜಾರಿದಾಗ ನಮ್ಮನ್ನು ಉಳಿಸುವುದು ಮೈಯ ಸಮತೋಲನ. ಪಾದದ ಗಂಟಿನ ಸುತ್ತಲಿನ ಸಣ್ಣ ಸ್ನಾಯುಗಳು, ಕಣ್ಣು, ಒಳಕಿವಿ ಎಲ್ಲ ಸೇರಿ ಕ್ಷಣದಲ್ಲಿ ಮಾಡುವ ಕೆಲಸ ಅದು. ವಯಸ್ಸಾದ ಹಾಗೆ ಅದು ನಿಧಾನವಾಗುತ್ತದೆ, ಬಿದ್ದುಬಿಡುತ್ತೇನೆ ಅನ್ನುವ ಹೆದರಿಕೆಯಲ್ಲಿ ಓಡಾಟ ಬಿಟ್ಟರಂತೂ ಇನ್ನೂ ಬೇಗ ಕುಂದುತ್ತದೆ. ಟ್ರ್ಯಾಂಪೊಲಿನ್ ಬಟ್ಟೆ ಒಂದು ಕ್ಷಣವೂ ಸ್ಥಿರವಾಗಿ ಇರುವುದಿಲ್ಲವಾದ್ದರಿಂದ ಅದರ ಮೇಲೆ ಸುಮ್ನೆ ನಿಂತರೂ ಈ ಎಲ್ಲಕ್ಕೂ ಅಭ್ಯಾಸ ಸಿಗುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಯಸ್ಸಾದವರಿಗೆ 14 ವಾರ ಮಿನಿ ಟ್ರ್ಯಾಂಪೊಲಿನ್ ಅಭ್ಯಾಸ ಕೊಟ್ಟಿದ್ದರು. ಮುಂದಕ್ಕೆ ಮುಗ್ಗರಿಸಿದಾಗ ಸಾವರಿಸಿಕೊಂಡು ನಿಲ್ಲುವ ಶಕ್ತಿ ಅವರಲ್ಲಿ ಸುಧಾರಿಸಿತ್ತು. ನಮ್ಮ ಊರಿನ ಫುಟ್‌ಪಾತ್‌ಗಳ ಮೇಲೆ ನಡೆಯುವವರಿಗೆ ಇದಕ್ಕಿಂತ ಬೇಕಾದ ಶಕ್ತಿ ಇನ್ಯಾವುದಿದೆ ಹೇಳಿ.

ಶುರು ಮಾಡುವುದು ಹೀಗೆ. ಟ್ರ್ಯಾಂಪೊಲಿನ್‌ಗೆ ಹಿಡಿ ಇದ್ದರೆ ಹಾಕಿಸಿಕೊಳ್ಳಿ, ಇಲ್ಲವಾದರೆ ಗೋಡೆಗೆ ಹತ್ತಿರ ಇಟ್ಟು, ಇನ್ನೊಂದು ಪಕ್ಕಕ್ಕೆ ಭಾರದ ಕುರ್ಚಿ ಇಡಿ. ಫ್ಯಾನಿನ ಕೆಳಗೆ ಮಾತ್ರ ಬೇಡವೇ ಬೇಡ. ಸಾಕ್ಸ್ ಹಾಕಿಕೊಂಡರೆ ಜಾರುತ್ತದೆ, ಬರಿಗಾಲೇ ಒಳ್ಳೆಯದು. ಸೀರೆಗಿಂತ ಚೂಡಿದಾರ್ ವಾಸಿ. ಮೊದಲ ವಾರ ಎರಡೇ ನಿಮಿಷ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಕಾಲು ನೋಡಿಕೊಳ್ಳಬೇಡಿ, ಎದುರಿನ ಗೋಡೆ ನೋಡಿ. ಉಸಿರು ಬಿಗಿಹಿಡಿಯಬೇಡಿ, ಬಿಪಿ ಇರುವವರು ಇದನ್ನು ಮರೆಯಲೇಬಾರದು. ಪಕ್ಕದಲ್ಲಿರುವವರ ಜೊತೆ ಮಾತಾಡಲು ಆಗಬೇಕು, ಹಾಡಲು ಕಷ್ಟ ಅನ್ನಿಸಬೇಕು, ಅಷ್ಟು ವೇಗ ಸಾಕು. ಎದೆ ಹಿಡಿದ ಹಾಗೆ ಅನ್ನಿಸಿದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ. ಇಳಿಯುವಾಗ ಆತುರ ಬೇಡ. ಮೆತ್ತಗಿನ ಬಟ್ಟೆಯಿಂದ ನೆಲಕ್ಕೆ ಕಾಲಿಟ್ಟಾಗ ನೆಲ ಕಲ್ಲಿನಂತೆ ಅನ್ನಿಸುತ್ತದೆ, ಬೀಳುವವರು ಆಗಲೇ ಬೀಳುವುದು.

ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಗೆ ಮುಟ್ಟಲು ಎರಡು ಮೂರು ತಿಂಗಳು ಹಿಡಿದರೂ ಪರವಾಗಿಲ್ಲ. ಮಳೆ ನಿಂತ ಮೇಲೆ ಪಾರ್ಕಿಗೆ ವಾಪಸ್ ಹೋಗಿ. ಅಲ್ಲಿ ಗೆಳತಿಯರಿದ್ದಾರೆ, ಬೆಳಗಿನ ಬಿಸಿಲಿದೆ, ಅದೆಲ್ಲ ಹಾಲ್‌ನಲ್ಲಿ ಸಿಗುವುದಿಲ್ಲ.

ಪ್ರಶ್ನೆ: ಟ್ರ್ಯಾಂಪೊಲಿನ್ ಮೇಲೆ ಹಾರಿದರೆ ದೇಹದ ವಿಷವೆಲ್ಲ ಹೊರಹೋಗುತ್ತದೆ, ಓಟಕ್ಕಿಂತ 68 ಪರ್ಸೆಂಟ್ ಜಾಸ್ತಿ ಲಾಭ ಅಂತ ನಾಸಾ ಹೇಳಿದೆ, ಹೀಗೊಂದು ವಾಟ್ಸಾಪ್ ಮೆಸೇಜ್ ನಮ್ಮ ಆಫೀಸ್ ಗ್ರೂಪಿನಲ್ಲಿ ಓಡಾಡುತ್ತಿದೆ. ನಿಜಾನಾ? ನನಗೆ 29, ತೂಕ ಇಳಿಸಬೇಕು.
— ಓದುಗರು, ವೈಟ್‌ಫೀಲ್ಡ್

ಉತ್ತರ: ಅರ್ಧ ನಿಜಕ್ಕೆ ಬಣ್ಣ ಬಳಿದಿದ್ದಾರೆ. ಮೈಯಲ್ಲಿ ಲಿಂಫ್ ಅಂತ ಒಂದು ದ್ರವ ಹರಿಯುತ್ತದೆ. ರಕ್ತಕ್ಕೆ ಹೃದಯ ಇದ್ದ ಹಾಗೆ ಇದಕ್ಕೆ ಒಂದು ದೊಡ್ಡ ಪಂಪ್ ಇಲ್ಲ. ಅದರ ನಾಳಗಳು ತಾವೇ ಸ್ವಲ್ಪ ಹಿಂಡಿಕೊಳ್ಳುತ್ತವೆ, ಸ್ನಾಯುಗಳ ಚಲನೆ ಮತ್ತು ಉಸಿರಾಟವೂ ಅದನ್ನು ಮುಂದೆ ತಳ್ಳುತ್ತವೆ. ಹಾಗಾಗಿ ಹಾರಿದರೂ ಹರಿಯುತ್ತದೆ, ನಡೆದರೂ ಹರಿಯುತ್ತದೆ, ಈಜಿದರೂ ಹರಿಯುತ್ತದೆ. ವಿಷ ಹೊರಹಾಕುವ ಕೆಲಸ ಮುಖ್ಯವಾಗಿ ನಿಮ್ಮ ಲಿವರ್ ಮತ್ತು ಕಿಡ್ನಿಯದು, ಅವು ನೀವು ಮಲಗಿದ್ದಾಗಲೂ ಅದನ್ನು ಮಾಡುತ್ತಿರುತ್ತವೆ.

68ರ ಲೆಕ್ಕ ಬಂದಿರುವುದು ಮೇಲೆ ಹೇಳಿದ 1980ರ ಪ್ರಯೋಗದಿಂದಲೇ. ಓಡುವಾಗ, ಹಾರುವಾಗ ಎರಡರಲ್ಲೂ ಅಷ್ಟೇ ಆಮ್ಲಜನಕ ಬಳಸಿದರೆ ಮೈ ಮಾಡುವ ಯಾಂತ್ರಿಕ ಕೆಲಸ ಎಷ್ಟು ಅಂತ ಹೋಲಿಸಿದಾಗ ಸಿಕ್ಕ ಅತಿ ಹೆಚ್ಚಿನ ವ್ಯತ್ಯಾಸ ಅದು. ಕೊಬ್ಬು ಕರಗುವ ಲೆಕ್ಕ ಅಲ್ಲ. ಬಾಹ್ಯಾಕಾಶದಲ್ಲಿ ಇರುವಾಗ, ಹಾಸಿಗೆ ಹಿಡಿದಾಗ ಮೈಯ ಶಕ್ತಿ ಕುಂದದ ಹಾಗೆ ತಡೆಯುವುದು ಹೇಗೆ ಅನ್ನುವುದು ಆ ತಂಡದ ಕಾಳಜಿಯಾಗಿತ್ತು.

ನಿಮಗೆ ಬೇಕಾದ ಲೆಕ್ಕ ಬೇರೆ ಕಡೆ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್ ಕ್ಯಾಂಪಸ್‌ನಲ್ಲಿ 24 ವಿದ್ಯಾರ್ಥಿಗಳಿಂದ 19 ನಿಮಿಷದ ಟ್ರ್ಯಾಂಪೊಲಿನ್ ವ್ಯಾಯಾಮ ಮಾಡಿಸಿ ಅಳೆದರು, 2016ರಲ್ಲಿ ಅದು ಪ್ರಕಟವಾಯಿತು. ಹುಡುಗರಿಗೆ ನಿಮಿಷಕ್ಕೆ ಸರಾಸರಿ 12.4 ಕ್ಯಾಲೊರಿ, ಹುಡುಗಿಯರಿಗೆ 9.4 ಕ್ಯಾಲೊರಿ ಖರ್ಚಾಗಿತ್ತು. ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಓಡಿದಷ್ಟು. ಅಷ್ಟು ಖರ್ಚಾದರೂ ಅವರಿಗೆ ಅಷ್ಟೊಂದು ಸುಸ್ತು ಅನ್ನಿಸಿರಲಿಲ್ಲ, ನನಗೆ ಇಷ್ಟವಾದದ್ದು ಇದೇ, ಯಾಕೆಂದರೆ ಸುಸ್ತು ಕಮ್ಮಿ ಅನ್ನಿಸಿದರೆ ನಾಳೆ ಮತ್ತೆ ಹತ್ತುತ್ತೀರಿ. ಓಟಕ್ಕೆ ಸಮ ಅಂತ ಹೇಳಬಹುದು, ಓಟವನ್ನು ಮೀರಿಸಿದ್ದು ಅಂತ ಅಲ್ಲ. 19 ನಿಮಿಷದಲ್ಲಿ ಖರ್ಚಾದದ್ದು ಸಂಜೆಯ ಒಂದು ಮಸಾಲೆ ದೋಸೆಗೆ ವಾಪಸ್ ಬಂದುಬಿಡುತ್ತದೆ, ಊಟದ ಕಡೆಯೂ ಗಮನ ಇರಲಿ. ವಾರಕ್ಕೆ ಎರಡು ದಿನ ಸ್ಕ್ವಾಟ್ಸ್, ಪುಷ್‌ಅಪ್ ತರಹದ್ದೂ ಮಾಡಿ. ಟ್ರ್ಯಾಂಪೊಲಿನ್ ಒಂದರಿಂದಲೇ ತೋಳಿಗೆ ಶಕ್ತಿ ಬರುವುದಿಲ್ಲ.

ಪ್ರಶ್ನೆ: ಇದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ವಯಸ್ಸು 41, ಎರಡು ನಾರ್ಮಲ್ ಡೆಲಿವರಿ ಆಗಿದೆ. ಟ್ರ್ಯಾಂಪೊಲಿನ್ ಮೇಲೆ ಹಾರಿದಾಗ ಒಂದೆರಡು ಹನಿ ಮೂತ್ರ ಹೋಗಿಬಿಡುತ್ತದೆ. ಜೋರಾಗಿ ಕೆಮ್ಮಿದರೂ ಹಾಗೇ. ವ್ಯಾಯಾಮವನ್ನೇ ಬಿಟ್ಟುಬಿಡಲಾ?
— ಓದುಗರು, ವಿಜಯನಗರ

ಉತ್ತರ: ಬರೆದದ್ದು ತುಂಬಾ ಒಳ್ಳೆಯದಾಯ್ತು. ನೀವು ಒಬ್ಬರೇ ಅಲ್ಲ, ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಇದು ಇದೆ, ನಾಚಿಕೆಗೆ ಯಾರೂ ಬಾಯಿ ಬಿಡುವುದಿಲ್ಲ. ಮೂತ್ರಕೋಶ, ಗರ್ಭಕೋಶವನ್ನು ಕೆಳಗಿನಿಂದ ಎತ್ತಿಹಿಡಿಯುವ ಸ್ನಾಯುಗಳು ಹೆರಿಗೆಯಲ್ಲಿ ಸಡಿಲವಾಗಿರುತ್ತವೆ. ಹಾರಿದಾಗ, ಕೆಮ್ಮಿದಾಗ ಹೊಟ್ಟೆಯ ಒತ್ತಡ ಒಮ್ಮೆಲೇ ಅವುಗಳ ಮೇಲೆ ಬೀಳುತ್ತದೆ.

ಸದ್ಯಕ್ಕೆ ಹಾರುವುದು ನಿಲ್ಲಿಸಿ, ವ್ಯಾಯಾಮ ನಿಲ್ಲಿಸಬೇಡಿ. ವಾಕಿಂಗ್ ಮಾಡಿ. ಜೊತೆಗೆ ಕೀಗಲ್ ವ್ಯಾಯಾಮ ಶುರು ಮಾಡಿ. ಗಾಳಿ ಹೋಗದ ಹಾಗೆ ತಡೆಯುವಾಗ ಬಿಗಿಯುವ ಜಾಗ ಇದೆಯಲ್ಲ, ಅದನ್ನು ಒಳಕ್ಕೆ, ಮೇಲಕ್ಕೆ ಎಳೆದು ಕೆಲವು ಸೆಕೆಂಡ್ ಹಿಡಿದು ಪೂರ್ತಿ ಬಿಡಿ. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಹೊಟ್ಟೆ, ತೊಡೆ ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ. ಹನಿ ಹೋಗುತ್ತದೆ ಅಂತ ನೀರು ಕುಡಿಯುವುದು ಕಮ್ಮಿ ಮಾಡಲೂಬೇಡಿ. ಒಂದು ಸಲ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಈ ಸ್ನಾಯುಗಳಿಗೇ ತರಬೇತಿ ಕೊಡುವ ಫಿಸಿಯೋಥೆರಪಿಸ್ಟ್‌ಗಳೂ ಬೆಂಗಳೂರಿನಲ್ಲಿದ್ದಾರೆ. ಕೆಮ್ಮಿದಾಗ ಹನಿ ಹೋಗುವುದು ನಿಂತ ಮೇಲೆ, ಪಾದ ಎತ್ತದ ಆ ಮೆಲ್ಲಗಿನ ಲಯದಿಂದ ಮತ್ತೆ ಶುರು ಮಾಡಿ.

ಪ್ರಶ್ನೆ: ನಾವು ಇರುವುದು ಎರಡನೇ ಮಹಡಿ, ಬಾಡಿಗೆ ಮನೆ. ಕೆಳಗಿನ ಮನೆಯವರು ಟ್ರ್ಯಾಂಪೊಲಿನ್ ಸದ್ದು ಅಂತ ಓನರ್‌ಗೆ ದೂರು ಹೇಳಿದ್ದಾರೆ. ರಜಕ್ಕೆ ಮೊಮ್ಮಕ್ಕಳು ಬಂದರೆ ನಾಲ್ಕು ವರ್ಷದ್ದು, ಏಳು ವರ್ಷದ್ದು ಎರಡೂ ಒಟ್ಟಿಗೇ ಹತ್ತುತ್ತವೆ. ಬಿಡಬಹುದಾ?
— ಓದುಗರು, ಮಲ್ಲೇಶ್ವರ

ಉತ್ತರ: ಇಬ್ಬರನ್ನು ಒಟ್ಟಿಗೆ ಖಂಡಿತ ಬಿಡಬೇಡಿ. ದೊಡ್ಡದು ಇಳಿದಾಗ ಬಟ್ಟೆ ಚಿಮ್ಮಿ ಚಿಕ್ಕದನ್ನು ಎಸೆದುಬಿಡುತ್ತದೆ, ಕೈಕಾಲು ಮುರಿಯುವುದು ಹೀಗೆಯೇ. ಮನೆಯಲ್ಲಿ ಮಕ್ಕಳು ಟ್ರ್ಯಾಂಪೊಲಿನ್ ಮೇಲೆ ಆಡುವುದೇ ಬೇಡ ಅನ್ನುವುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಸದ್ದಿಗೆ ಟ್ರ್ಯಾಂಪೊಲಿನ್ ಕಾಲುಗಳ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಗೋಡೆಗೆ ತಾಗಿಸಿ ಇಟ್ಟಿದ್ದರೆ ಸ್ವಲ್ಪ ಈಚೆ ಎಳೆಯಿರಿ. ಸ್ಪ್ರಿಂಗ್ ಕಿರುಗುಟ್ಟುತ್ತಿದ್ದರೆ ಯಾವುದೋ ಒಂದು ಸಡಿಲವಾಗಿದೆ ಅಂತ ಅರ್ಥ, ಸರಿಪಡಿಸುವ ತನಕ ಹತ್ತಬೇಡಿ. ಕೆಳಗಿನವರನ್ನು ಯಾವ ಹೊತ್ತಿಗೆ ಮಾಡಿದರೆ ತೊಂದರೆ ಇಲ್ಲ ಅಂತ ನೀವೇ ಹೋಗಿ ಕೇಳಿ, ಓನರ್ ಮೂಲಕ ಬೇಡ. ಮೊಮ್ಮಕ್ಕಳು ಬರುವ ಮುಂಚೆ ಅದನ್ನು ಮಡಚಿ ಮಂಚದ ಕೆಳಗೆ ಸೇರಿಸಿಬಿಡಿ. ಮಡಚುವಾಗ ಇಬ್ಬರಿರಿ, ಬಿಗಿಯಾದ ಚೌಕಟ್ಟು ಕೈಜಾರಿದರೆ ಫಟ್ಟನೆ ಬಿಚ್ಚಿಕೊಂಡು ಹೊಡೆಯುತ್ತದೆ.