ಮಚ್ಚೆಯ ನ್ಯೂಕ್ಲಿಯಸ್ಸಿನೊಳಗೆ ಕಾಣುವ ಗುಂಡು ಏನದು?

ಪ್ರಶ್ನೆ: ಊರು ಧಾರವಾಡ, ಪುಣೆಯಲ್ಲಿ ಪೆಥಾಲಜಿ ಎಂ.ಡಿ. ಓದುತ್ತಿದ್ದೇನೆ. ಸಾದಾ ಮಚ್ಚೆಯೊಂದರ ಸ್ಲೈಡಿನಲ್ಲಿ ಕೆಲವು ನ್ಯೂಕ್ಲಿಯಸ್‌ಗಳ ಒಳಗೆ ತಿಳಿಗುಲಾಬಿ ಗುಂಡುಗಳಿವೆ. ವೈರಸ್ಸೇ? ಮೆಲನೋಮಾ (ಬಣ್ಣದ ಕೋಶಗಳ ಚರ್ಮದ ಕ್ಯಾನ್ಸರ್) ಇರಬಹುದೇ? ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಮುಂಬೈಗೆ ಕಳಿಸುವುದಾದರೆ ಹೇಗೆ?

ಉತ್ತರ: ವೈರಸ್ ಆಗಿರುವ ಸಂಭವ ತೀರಾ ಕಡಿಮೆ. ನ್ಯೂಕ್ಲಿಯಸ್ಸಿನ ಪೊರೆ ಒಳಕ್ಕೆ ಮಡಚಿಕೊಂಡು, ಆ ಮಡಿಕೆಯಲ್ಲಿ ಸೈಟೋಪ್ಲಾಸಂ (ನ್ಯೂಕ್ಲಿಯಸ್ಸಿನ ಹೊರಗಿನ ಕೋಶದ್ರವ್ಯ) ತುಂಬಿಕೊಂಡರೆ ಹೀಗೆ ಕಾಣುತ್ತದೆ. ಇದು ಹುಸಿ ಇನ್‌ಕ್ಲೂಷನ್, ಅಂದರೆ ನ್ಯೂಕ್ಲಿಯಸ್ಸಿನೊಳಗೆ ಹೊಸದೇನೋ ಸೇರಿದಂತೆ ಕಾಣುವುದಷ್ಟೇ. ಅಂಚು ಚೂಪಾಗಿದ್ದು, ಒಳಗಿನ ಬಣ್ಣ ಅದೇ ಕೋಶದ ಸೈಟೋಪ್ಲಾಸಂಗೆ ಹೊಂದಬೇಕು. ಬರೀ ಬಿಳಿ ತೂತಾಗಿದ್ದರೆ ಅದು ಹೆಚ್ಚಾಗಿ ಪ್ರೋಸೆಸಿಂಗ್‌ನ ದೋಷ. ಸಾದಾ ಮಚ್ಚೆಯಲ್ಲೂ ಮೆಲನೋಮಾದಲ್ಲೂ ಇವು ಸಿಗುವುದರಿಂದ ಇದನ್ನೇ ನೆಚ್ಚಿ ಕ್ಯಾನ್ಸರ್ ಎನ್ನಲೂ ಬಾರದು, ಅಲ್ಲ ಎನ್ನಲೂ ಬಾರದು. ಆ ತೀರ್ಮಾನ ಮಚ್ಚೆಯ ಸಮಮಿತಿ, ಆಳಕ್ಕಿಳಿದಂತೆ ಕೋಶಗಳು ಕಿರಿದಾಗುತ್ತವೆಯೇ, ಆಳದಲ್ಲಿ ಮೈಟೋಸಿಸ್ (ಕೋಶ ವಿಭಜನೆ) ಇದೆಯೇ ಎಂಬುದರ ಮೇಲೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮೊದಲು ಗುಂಡಿನ ಅಂಚು ನೋಡಿ. ಅಲ್ಲಿ ಎರಡು ಪದರದ ಪೊರೆ ಇರಬೇಕು, ಅದೂ ತಿರುವುಮುರುವಾಗಿ: ರೈಬೋಸೋಮ್‌ಗಳು ಗುಂಡಿನ ಒಳಮುಖಕ್ಕೆ, ಕ್ರೊಮ್ಯಾಟಿನ್ (ಡಿ.ಎನ್.ಎ. ಇರುವ ಎಳೆಗಳು) ಅದರ ಹೊರಸುತ್ತಿಗೆ. ಒಳಗೆ ಮೈಟೋಕಾಂಡ್ರಿಯಾವೋ ಮೆಲನೋಸೋಮೋ (ಬಣ್ಣ ತುಂಬಿದ ಚೀಲ) ಸಿಕ್ಕರೆ ಮುಗಿಯಿತು, ಅವು ನ್ಯೂಕ್ಲಿಯಸ್ಸಿನೊಳಗೆ ಹುಟ್ಟುವುದಿಲ್ಲ. ಹರ್ಪಿಸ್ ಆದರೆ ಸುಮಾರು 100 ನ್ಯಾನೋಮೀಟರಿನ ಕಣಗಳು ಸುತ್ತಲೂ ಪೊರೆಯ ಗೋಡೆಯಿಲ್ಲದೆ ನ್ಯೂಕ್ಲಿಯೋಪ್ಲಾಸಂನಲ್ಲೇ (ನ್ಯೂಕ್ಲಿಯಸ್ಸಿನ ಒಳದ್ರವ್ಯದಲ್ಲೇ) ಚದುರಿರುತ್ತವೆ. ಮಡಿಕೆಯ ಬಾಯಿ ಕಾಣಲಿಲ್ಲವೆಂದು, ಇದು ಮಡಿಕೆಯೇ ಅಲ್ಲ ಎಂದುಕೊಂಡು ಎಡವಬೇಡಿ. 7 ಮೈಕ್ರಾನಿನ ನ್ಯೂಕ್ಲಿಯಸ್ಸನ್ನು 70 ನ್ಯಾನೋಮೀಟರಿನಂತೆ ಕೊಯ್ದರೆ 100 ಸೆಕ್ಷನ್ (ತೆಳು ಹೋಳು). ಕಿರಿದಾದ ಬಾಯಿ ಬೀಳುವುದು ಅವುಗಳಲ್ಲಿ ಕೆಲವಕ್ಕೆ ಮಾತ್ರ. ಬೇಕೇಬೇಕೆಂದರೆ ಸಾಲಾಗಿ ಸೆಕ್ಷನ್ ತೆಗೆಯಿರಿ.

ಕಳಿಸುವ ಮುನ್ನ ಒಂದು ಎಚ್ಚರಿಕೆ. ಚಿಕ್ಕ ಮಚ್ಚೆಯಿಂದ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆಂದು ತುಂಡು ಕತ್ತರಿಸಲೇಬೇಡಿ. ಅದೊಂದು ವೇಳೆ ಮೆಲನೋಮಾ ಆಗಿದ್ದರೆ ದಪ್ಪದ ಅಳತೆಯೇ ಕೈತಪ್ಪುತ್ತದೆ. ದೊಡ್ಡದಾಗಿದ್ದರಷ್ಟೇ, ತೆಗೆದ ಕೂಡಲೇ 1 ಮಿಲಿಮೀಟರಿನ ಚೂರುಗಳನ್ನು ಹೊಸ ಬ್ಲೇಡಿನಿಂದ ಹಿಸುಕದೆ ಕತ್ತರಿಸಿ, 0.1 ಮೋಲಾರ್ ಬಫರಿನಲ್ಲಿ ಬೆರೆಸಿದ 2.5% ಗ್ಲುಟರಾಲ್ಡಿಹೈಡ್‌ಗೆ (ಅಂಗಾಂಶ ಕೆಡದಂತೆ ಹಿಡಿದಿಡುವ ದ್ರಾವಣಕ್ಕೆ) ಹಾಕಿ, ಪಿ.ಎಚ್. 7.2ರಿಂದ 7.4. ಚೂರು ದಪ್ಪವಾದರೆ ಈ ದ್ರಾವಣ ನಿಧಾನವಾಗಿ ಇಳಿಯುವುದರಿಂದ ನಡುಭಾಗ ಕೊಳೆತು ಮೈಟೋಕಾಂಡ್ರಿಯಾ ಉಬ್ಬುತ್ತವೆ. ಐಸ್‌ಪ್ಯಾಕ್ ಇಟ್ಟು 4 ಡಿಗ್ರಿಯಲ್ಲಿ ಸಾಗಿಸಿ, ಹೆಪ್ಪುಗಟ್ಟಲು ಬಿಡಬೇಡಿ; ಐಸಿನ ಹರಳು ಪೊರೆಗಳನ್ನು ಸೀಳುತ್ತದೆ.

ಪ್ಯಾರಾಫಿನ್ (ಮೇಣದ) ಬ್ಲಾಕಷ್ಟೇ ಉಳಿದಿದ್ದರೂ ಕೈಬಿಡಬೇಕಿಲ್ಲ. ಕ್ಸೈಲೀನ್ ಎಂಬ ದ್ರಾವಕ ಕೊಬ್ಬನ್ನು ತೊಳೆದುಹಾಕುವುದರಿಂದ ಪೊರೆ ಹರಿದಂತೆ ಕಾಣುತ್ತದೆ, ಮೆಲನೋಸೋಮ್ ಮಾತ್ರ ಸಾಮಾನ್ಯವಾಗಿ ಉಳಿದಿರುತ್ತದೆ. ಮುಂದೆ ಪೊರೆ ಎದ್ದು ಕಾಣಲು 1% ಆಸ್ಮಿಯಂ, ನೀರು ತೆಗೆಯಲು ಆಲ್ಕೋಹಾಲ್, ಗಟ್ಟಿ ಬ್ಲಾಕ್ ಮಾಡಲು ಎಪಾಕ್ಸಿ ರೆಸಿನ್, ಎಲ್ಲ ಲ್ಯಾಬಿನವರ ಕೆಲಸ. ಮುಂಬೈ ಮಳೆಗಾಲದಲ್ಲಿ ರೆಸಿನ್ ಗಾಳಿಯ ತೇವ ಹೀರಿ ಬ್ಲಾಕ್ ಮೆತ್ತಗಾಗಿ, ಸೆಕ್ಷನ್ ಸುಕ್ಕಾಗಿ ಬರಬಹುದು. ರೆಸಿನನ್ನು ಡೆಸಿಕೇಟರಿನಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆಯಲ್ಲಿ) ಇಟ್ಟಿದ್ದಾರೆಯೇ ಎಂದು ಒಂದು ಮಾತು ಕೇಳಿಕೊಳ್ಳಿ.