ಲಾಗ್‌ಶೀಟ್ ತುಂಬುವ ಇಂಟರ್ನ್‌ಶಿಪ್: ಸಂಪಾದಕರ ಉತ್ತರ

ತುಮಕೂರು ಜಿಲ್ಲೆಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: ಹಳ್ಳಿಗಾಡಿನ 66/11 ಕೆವಿ (66 ಕೆವಿಯನ್ನು 11 ಕೆವಿಗೆ ಇಳಿಸುವ) ಸಬ್‌ಸ್ಟೇಷನ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಆದರೆ ಯಾವುದನ್ನೂ ಮುಟ್ಟಲು ಬಿಡುವುದಿಲ್ಲ, ಗಂಟೆಗೊಮ್ಮೆ ಮೀಟರುಗಳ ಅಂಕಿ ನೋಡಿ ಲಾಗ್‌ಶೀಟ್ ತುಂಬುವುದಷ್ಟೇ ಕೆಲಸ, ಬಿಟ್ಟು ಸಾಫ್ಟ್‌ವೇರ್ ಸಂಸ್ಥೆಗೆ ಸೇರಲೇ?

ದಯವಿಟ್ಟು ಬಿಡಬೇಡಿ. ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಆದರೆ ಆ ಹಾಳೆಯನ್ನು ನೀವು ತುಂಬುತ್ತಿದ್ದೀರಿ, ಇನ್ನೂ ಓದುತ್ತಿಲ್ಲ ಎಂದು ನಮಗನ್ನಿಸುತ್ತದೆ. ಗಂಟೆಗೊಂದು ಸಾಲು ಬರೆದ ಮೇಲೆ, ದಿನದ ಕೊನೆಗೆ ಒಂದೊಂದೇ ಕಾಲಂ ಅನ್ನು ಮೇಲಿನಿಂದ ಕೆಳಕ್ಕೆ ನೋಡಿ. ಪಂಪ್‌ಸೆಟ್ ಫೀಡರಿಗೆ (ಪಂಪ್‌ಸೆಟ್‌ಗಳತ್ತ ಹೋಗುವ ಲೈನಿಗೆ) ತ್ರೀ ಫೇಸ್ ಕೊಟ್ಟ ಗಂಟೆಯಲ್ಲಿ ಆಂಪಿಯರ್ ಜಿಗಿದಿರುತ್ತದೆ. ಕೊಳವೆಬಾವಿಗಳ ಇಂಡಕ್ಷನ್ ಮೋಟಾರುಗಳು ರಿಯಾಕ್ಟಿವ್ ಪವರನ್ನೂ (ಕೆಲಸವಾಗಿ ಬದಲಾಗದೆ ಹೋಗಿಬರುವ ವಿದ್ಯುತ್ತನ್ನೂ) ಎಳೆಯುವುದರಿಂದ ಪವರ್ ಫ್ಯಾಕ್ಟರ್ (ಒಟ್ಟು ವಿದ್ಯುತ್ತಿನಲ್ಲಿ ಕೆಲಸಕ್ಕೆ ಬರುವ ಪಾಲು) ಇಳಿದು, ಫೀಡರುಗಳೆಲ್ಲ ಕವಲೊಡೆಯುವ 11 ಕೆವಿ ಬಸ್ಸಿನ ವೋಲ್ಟೇಜ್ ಕುಸಿಯತೊಡಗುತ್ತದೆ. ಆಗ ಪಾಳಿಯವರು ವೋಲ್ಟೇಜ್ ಏರಿಸಲು ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಿಸಿದರೇ, ರಿಯಾಕ್ಟಿವ್ ಪವರನ್ನು ಅಲ್ಲೇ ಒದಗಿಸುವ ಕೆಪಾಸಿಟರ್ ಬ್ಯಾಂಕ್ ಸೇರಿಸಿದರೇ, ಯಾಕೆ ಎಂದು ಅವರನ್ನೇ ಕೇಳಿ. ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಉಷ್ಣತೆ ಲೋಡ್ ಏರಿದ ಕೂಡಲೇ ಏರದೆ ತಡವಾಗಿ ಏರುವುದನ್ನೂ ಗಮನಿಸಿ: ಟನ್‌ಗಟ್ಟಲೆ ಎಣ್ಣೆ, ಉಕ್ಕು ಕಾಯಲು ಹೊತ್ತು ಹಿಡಿಯುತ್ತದೆ, ಅಲ್ಪಾವಧಿಯ ಓವರ್‌ಲೋಡನ್ನು ಅದು ತಾಳಿಕೊಳ್ಳುವುದಕ್ಕೂ ಅದೇ ಕಾರಣ.

ಇನ್ನು ಮುಟ್ಟಲು ಬಿಡದಿರುವ ವಿಷಯ. ಅದು ಸರಿಯಾದ ನಿರ್ಬಂಧ; 66 ಕೆವಿ ವಾಹಕಕ್ಕೆ ಕೈ ತಾಗಬೇಕಿಲ್ಲ, ಹತ್ತಿರ ಹೋದರೂ ಗಾಳಿಯ ಮೂಲಕವೇ ಪ್ರಾಣಾಪಾಯವಾಗಬಹುದು. ಅದರ ಬದಲು ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನಿನಲ್ಲಿ ಕೆಲಸ ಮಾಡಲು ಅನುಮತಿ) ತೆಗೆದುಕೊಳ್ಳುವುದನ್ನು ಪಕ್ಕದಲ್ಲಿ ನಿಂತು ನೋಡಿ. ಮೊದಲು ತೆರೆಯಬೇಕಾದ್ದು ಹರಿಯುವ ಕರೆಂಟನ್ನು ಕಡಿಯುವ ಬ್ರೇಕರ್, ಆಮೇಲೆ ಲೈನನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸುವ ಐಸೊಲೇಟರ್, ಏಕೆಂದರೆ ಲೋಡ್ ಕರೆಂಟನ್ನು ಕಡಿಯುವ ಶಕ್ತಿ ಐಸೊಲೇಟರಿಗಿಲ್ಲ. ನಂತರ ಅರ್ಥಿಂಗ್ (ಲೈನನ್ನು ನೆಲಕ್ಕೆ ಜೋಡಿಸುವುದು), ಕೊನೆಗೆ ಬರಹದಲ್ಲಿ ಎಲ್‌ಸಿ. ಕೆಲಸದ ಜಾಗದಲ್ಲೂ ಲೈನನ್ನು ಅರ್ಥ್ ಮಾಡಬೇಕು, ಯಾರದೋ ಮನೆಯ ಜನರೇಟರ್ ಹಿಂದಿನಿಂದ ಕರೆಂಟ್ ತಳ್ಳಬಹುದಲ್ಲ! ಈ ಕ್ರಮ ಒಬ್ಬ ಮನುಷ್ಯನ ಜೀವವನ್ನು ಕಾಯುತ್ತದೆ. ಇದಕ್ಕಿಂತ ಮುಖ್ಯವಾದ ಪಾಠ ಈ ಉದ್ಯಮದಲ್ಲಿ ನಮಗೆ ಕಾಣುವುದಿಲ್ಲ.

ನಿಮ್ಮ ಜಿಲ್ಲೆಯಲ್ಲೇ 2,050 ಮೆಗಾವಾಟ್‌ನ ಪಾವಗಡ ಸೋಲಾರ್ ಪಾರ್ಕ್ ಇದೆ. ಸೂರ್ಯ ಇಳಿದಾಗ ಶರಾವತಿಯಂಥ ಜಲವಿದ್ಯುತ್ ಕೇಂದ್ರಗಳು ಹೊರೆ ಹೊರಬೇಕು. ಉತ್ಪಾದನೆ, ಬೇಡಿಕೆ ಸಮವಾಗದಿದ್ದರೆ ಫ್ರೀಕ್ವೆನ್ಸಿ ಏರಿಳಿಯುತ್ತದೆ; ಆ ಹೊತ್ತಿನಲ್ಲಿ ಕಂಟ್ರೋಲ್ ರೂಮಿನ ಫ್ರೀಕ್ವೆನ್ಸಿ ಮೀಟರ್ 50 ಹರ್ಟ್ಸ್‌ನ ಸುತ್ತ ಹೇಗೆ ಅಲುಗುತ್ತದೆಂದು ಬರೆದಿಡಿ.

ಇಂಟರ್ನ್‌ಶಿಪ್ ಪ್ರಮಾಣಪತ್ರದಿಂದಲೇ ಸರ್ಕಾರಿ ವಿದ್ಯುತ್ ಕಂಪನಿಯ ಕಾಯಂ ನೌಕರಿ ಸಿಗುವುದಿಲ್ಲ, ಅದಕ್ಕೆ ನೇಮಕಾತಿ ಪರೀಕ್ಷೆ ಬರೆಯಲೇಬೇಕು. ಸದ್ಯಕ್ಕೆ ನಿಮ್ಮ ಸ್ಟೇಷನ್ನಿನ ಸಿಂಗಲ್ ಲೈನ್ ಡಯಾಗ್ರಾಮನ್ನು (ಉಪಕರಣಗಳ ಜೋಡಣೆಯನ್ನು ಒಂದೇ ಗೆರೆಯಲ್ಲಿ ತೋರಿಸುವ ನಕ್ಷೆಯನ್ನು) ಯಾರ್ಡ್ ನೋಡಿಕೊಂಡೇ ಕೈಯಲ್ಲಿ ಬರೆದು, ಪಾಳಿಯ ಎಂಜಿನಿಯರಿಂದ ತಿದ್ದಿಸಿಕೊಳ್ಳಿ. ದೋಷ ಕಂಡೊಡನೆ ಬ್ರೇಕರಿಗೆ ಆದೇಶ ಕೊಡುವ ರಿಲೇ ಪರೀಕ್ಷಿಸುವ ತಂಡ ಬರುವ ದಿನ ಜೊತೆಗಿರಲು ಈಗಲೇ ಅನುಮತಿ ಕೇಳಿಡಿ.